ಪ್ರತಿಕ್ರಿಯೆ: ತಗಡಿನ ಗೂಡಲ್ಲಿ ಬಾಯಿ ಬಿಡುವ ಕೋಳಿಗಳು

ನಿಮ್ಮ 12 ನಾಟಿ ಕೋಳಿ ಮಧ್ಯಾಹ್ನ ಬಾಯಿ ಬಿಟ್ಟು ತೇಕೋದು, ಮೊಟ್ಟೆ ಚಿಪ್ಪು ತೆಳುವಾಗಿರೋದು, ಎರಡಕ್ಕೂ ಮೂಲ ಒಂದೇ: ತಗಡಿನ ಗೂಡಿನ ಬಿಸಿ. ಕೋಳಿಗೆ ಬೆವರು ಗ್ರಂಥಿ ಇಲ್ಲ, ತೇಕಿಯೇ ಮೈ ತಣಿಸಿಕೊಳ್ಳಬೇಕು. ಹಾಗೆ ತೇಕುವಾಗ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಹೋಗಿ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಮ್ಮಿ ಬೀಳುತ್ತೆ. ಸುಣ್ಣದಂಶಕ್ಕೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಆದರೆ ಅದೊಂದೇ ಸಾಲದು. ಮೊದಲು ಶಾಖ ಇಳಿಸಿ.

ತಗಡಿನ ಮೇಲೆ ತೆಂಗಿನ ಗರಿ ಅರ್ಧ ಅಡಿ ದಪ್ಪ ಹೊದಿಸಿ, ಹಗ್ಗ ಬಿಗಿದು, 11 ಗಂಟೆಯಿಂದ ಆಗಾಗ ನೀರು ಚಿಮುಕಿಸಿ. ಗೂಡಿನ ಒಳಗೆ ಮಾತ್ರ ಚಿಮುಕಿಸಬೇಡಿ, ಎಲ್ಲರೂ ಮಾಡೋ ತಪ್ಪು ಅದೇ. ಗಾಳಿ ಆಡದ ಕಡೆ ತೇವ ಏರಿದರೆ ಎಷ್ಟು ತೇಕಿದರೂ ಮೈ ತಣಿಯಲ್ಲ, ಹಾಸು ಒದ್ದೆಯಾಗಿ ಅಮೋನಿಯಾ ಕಣ್ಣಿಗೆ ಹೊಡೆಯುತ್ತೆ. ಎದುರುಬದುರು ಎರಡು ಗೋಡೆಗೆ ಜಾಲರಿ ಹಾಕಿ.

ಹನ್ನೆರಡಕ್ಕೂ ಸೇರಿ ದಿನಕ್ಕೆ 5–6 ಲೀಟರ್ ಕುಡಿಯೋ ನೀರು ಬೇಕು, ನೆರಳಲ್ಲಿ, ಮಣ್ಣಿನ ಬಾನಿಯಲ್ಲಿ. ಕಾಳು ಬೆಳಿಗ್ಗೆ 8ರೊಳಗೆ, ಮತ್ತೆ ಸಂಜೆ 5ರ ಮೇಲೆ. ಜೀರ್ಣವಾಗೋದೂ ಮೈಬಿಸಿ ಏರಿಸುತ್ತೆ. ರೆಕ್ಕೆ ಜೋತುಬಿಟ್ಟು ಕೂತದ್ದನ್ನು ನೆರಳಿಗೆ ತಂದು ಕಾಲಷ್ಟೇ ತಣ್ಣೀರಲ್ಲಿ ಅದ್ದಿ. ಐಸ್ ಬೇಡ.

ಬದನೆ ಬುಡಕ್ಕೆ ಹಸಿ ಹಿಕ್ಕೆ ಹಾಕಿದ್ದೇನೆ ಅಂದಿರಲ್ಲ, ಎಲೆಯಂಚು ಕಂದಿದ್ದಕ್ಕೆ ಬಿಸಿಲಿಗಿಂತ ಅದರ ಮೇಲೇ ನನ್ನ ಅನುಮಾನ. ಕೆರೆದು ತೆಗೆದು ಧಾರಾಳ ನೀರು ಬಿಡಿ. ಹಿಕ್ಕೆಯನ್ನು ಒಣ ತರಗೆಲೆ ಜೊತೆ 3 ತಿಂಗಳು ಕೊಳೆಸಿ, ಮುಂಗಾರಿಗೆ ಹಾಕಿ.