ಸ್ಟೆಪ್ ಫೈಲ್‌ನಲ್ಲಿ ಆಕಾರ ಬಂತು, ಟಾಲರೆನ್ಸ್ ಎಲ್ಲಿ?

ಪ್ರಶ್ನೆ: ಪುಣೆಯ ಗ್ರಾಹಕರು ಬಿಡಿಭಾಗದ 3ಡಿ ಮಾಡೆಲನ್ನು ಸ್ಟೆಪ್ ಫೈಲ್ ಆಗಿ ಕಳಿಸಿದ್ದರು. ನಮ್ಮ ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿಯೇ ತೆರೆಯಿತು. ಅದರಂತೆ ಮಷಿನಿಂಗ್ ಮಾಡಿದೆವು. ಬೋರ್ ಟಾಲರೆನ್ಸ್ (ರಂಧ್ರದ ಅಳತೆ ಎಷ್ಟು ಹೆಚ್ಚುಕಡಿಮೆ ಇರಬಹುದು ಅನ್ನುವ ಮಿತಿ) ತಪ್ಪಿದೆ ಅಂತ ಮಾಲು ರಿಜೆಕ್ಟ್ ಆಯಿತು. ಸ್ಟೆಪ್ ನಂಬಬಾರದಾ ಸರ್? (ಉದ್ಯಮಬಾಗ, ಬೆಳಗಾವಿ)

ಉದ್ಯಮಬಾಗ, ಮಚ್ಛೆ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಬೈಸಿಕೊಳ್ಳುವುದು ಪಾಪ, ಫೈಲು. ಅದರಲ್ಲಿ ಟಾಲರೆನ್ಸ್ ಇದೆಯಾ ಅಂತ ಯಾರೂ ನೋಡಿರುವುದಿಲ್ಲ.

25 ಎಚ್7 ಬೋರ್ ತಗೊಳ್ಳಿ. 25 ಅಂದರೆ ಮಿ.ಮೀ.ನಲ್ಲಿ ವ್ಯಾಸ, ಎಚ್7 ಅಂದರೆ ಅದರ ಟಾಲರೆನ್ಸ್ ಕೋಡ್. ಅಳತೆ 25.000ರಿಂದ 25.021 ಮಿ.ಮೀ. ಒಳಗೆ ಬರಬೇಕು. ಅದರಲ್ಲಿ ಕೂರುವ ಸ್ಮಾಲ್ ಎಚ್6 (h6) ಶಾಫ್ಟ್ 24.987ರಿಂದ 25.000. ಮಾಡೆಲ್‌ನಲ್ಲಿ ಸಾಮಾನ್ಯವಾಗಿ ಎರಡನ್ನೂ 25 ಅಂತಲೇ ಬಿಡಿಸಿರುತ್ತಾರೆ. ಬರೀ ಆಕಾರ ನೋಡಿ ಯಾವ ಕಡೆಗೆ ಎಷ್ಟು ಬಿಡಬೇಕು ಅಂತ ಹೇಗೆ ಗೊತ್ತಾಗಬೇಕು?

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅದು ಟೆಕ್ಸ್ಟ್ ಫೈಲೇ. ಮೇಲ್ಗಡೆ ‘ಫೈಲ್ ಸ್ಕೀಮಾ’ ಅನ್ನುವ ಸಾಲಿರುತ್ತದೆ. ಅಲ್ಲಿ ‘ಕಾನ್ಫಿಗ್ ಕಂಟ್ರೋಲ್ ಡಿಸೈನ್’ ಅಂತಿದ್ದರೆ ಅದು ಸ್ಟೆಪ್‌ನ 1994ರ ಹಳೆಯ ರೂಪ, ಎಪಿ 203. ಅದರಲ್ಲಿ ಟಾಲರೆನ್ಸ್ ಹುಡುಕಬೇಡಿ. ಎಪಿ 242 ಅಂತಿದ್ದರೆ ಅದಕ್ಕೆ ಜಾಗ ಇದೆ. 203 ಮತ್ತು ವಾಹನ ಉದ್ಯಮದ 214 ಎರಡನ್ನೂ ಸೇರಿಸಿ 2014ರಲ್ಲಿ ತಂದದ್ದು ಅದು. ಆದರೆ ಜಾಗ ಇದ್ದರೆ ಸಾಲದು, ಯಾರಾದರೂ ತುಂಬಿರಬೇಕಲ್ವಾ? ಎಕ್ಸ್‌ಪೋರ್ಟ್ ಮಾಡುವಾಗ ಪಿಎಂಐ (ಟಾಲರೆನ್ಸ್‌ನಂಥ ತಯಾರಿಕೆಯ ಮಾಹಿತಿ) ಆಯ್ಕೆ ಬಿಟ್ಟರೆ ಬರೀ ಆಕಾರ ಬರುತ್ತದೆ. ಆಯ್ಕೆ ಮಾಡಿದರೂ ಕೆಲವೊಮ್ಮೆ ಟಾಲರೆನ್ಸ್ ಬರೀ ಚಿತ್ರವಾಗಿ ಬರುತ್ತದೆ. ನಿಮ್ಮ ಕಣ್ಣಿಗೆ ಕಾಣುತ್ತದೆ, ಮಷಿನ್‌ಗೆ ಪ್ರೋಗ್ರಾಂ ಮಾಡಿಕೊಡುವ ಕ್ಯಾಮ್ ಸಾಫ್ಟ್‌ವೇರ್‌ಗೆ ಅರ್ಥವಾಗುವುದಿಲ್ಲ.

ಡ್ರಾಯಿಂಗ್ ಕೈಗೆ ಬರುವವರೆಗೆ ಟೂಲ್ ಮುಟ್ಟಿಸಬೇಡಿ. ಡ್ರಾಯಿಂಗ್, ಮಾಡೆಲ್ ಎರಡರ ರಿವಿಷನ್ ನಂಬರ್ ಹೊಂದಿಸಿ ನೋಡಿ. ಎರಡರಲ್ಲಿ ಯಾವುದು ಅಂತಿಮ ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಕೇಳಿದರೆ ಗ್ರಾಹಕರು ಬೇಜಾರಾಗುತ್ತಾರೆ ಅನ್ನುವ ಸಂಕೋಚ ಬಿಡಿ.

‘ಗ್ರಾಹಕರ ಹತ್ತಿರ ಇರುವ ಸಾಫ್ಟ್‌ವೇರನ್ನೇ ಕೊಳ್ಳಿ, ಎಲ್ಲ ಸರಿಹೋಗುತ್ತೆ’ ಅನ್ನುವ ಏಜೆಂಟರ ಮಾತು ನಂಬಿ ಲಕ್ಷಗಟ್ಟಲೆ ಸುರಿಯಬೇಡಿ. ಒಂದೇ ಕಂಪನಿಯ ಸಾಫ್ಟ್‌ವೇರ್‌ಗೆ ಯಾರೂ ಕಟ್ಟುಬೀಳಬಾರದು ಅಂತಲೇ ಐಎಸ್‌ಒ 10303 ಅನ್ನುವ ಈ ಸ್ಟೆಪ್ ಮಾನದಂಡ ಮಾಡಿದ್ದು.

ಪ್ರಶ್ನೆ: ಸ್ಟೆಪ್‌ನಲ್ಲಿ ಫೀಚರ್ ಟ್ರೀ (ಮಾಡೆಲನ್ನು ಹಂತಹಂತವಾಗಿ ಹೇಗೆ ಬಿಡಿಸಿದರು ಅನ್ನುವ ಪಟ್ಟಿ) ಯಾಕೆ ಬರಲ್ಲ? (ಗೋಕಾಕ)

ಸಾಮಾನ್ಯ ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ. ಮಷಿನಿಂಗ್‌ಗೆ ಅದು ಬೇಕಾಗಿಯೂ ಇಲ್ಲ.

ಪ್ರಶ್ನೆ: ಎಸ್‌ಟಿಎಲ್ ಫೈಲನ್ನು ಆನ್‌ಲೈನ್‌ನಲ್ಲಿ ಸ್ಟೆಪ್ ಮಾಡಿಕೊಳ್ಳಬಹುದಾ? (ಚಿಕ್ಕೋಡಿ)

ಎಸ್‌ಟಿಎಲ್ ಅಂದರೆ ಆಕಾರವನ್ನು ಬರೀ ಸಣ್ಣ ತ್ರಿಕೋನಗಳಲ್ಲಿ ಇಡುವ ಫೈಲು. ಹೆಸರು ಬದಲಾಗುತ್ತದೆ, ಒಳಗೆ ಅವೇ ತ್ರಿಕೋನಗಳು. ಅದಕ್ಕಿಂತ ಮುಖ್ಯ, ಗ್ರಾಹಕರ ಡಿಸೈನನ್ನು ಗೊತ್ತುಗುರಿಯಿಲ್ಲದ ಸೈಟಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಪ್ರಶ್ನೆ: ಸ್ಟೆಪ್ ಬದಲು ಐಜಿಇಎಸ್ ಕೇಳಲೇ? (ಬೈಲಹೊಂಗಲ)

ಬೇಡ. ಅದು ಸ್ಟೆಪ್‌ಗಿಂತ ಹಳೆಯ ಫೈಲ್ ರೂಪ. ಅದರ ಕೊನೆಯ ಆವೃತ್ತಿ ಬಂದದ್ದು 1996ರಲ್ಲಿ.