ಮಾಡಿದ ಮೇಲೆ ನೆನಪಾಗುತ್ತೆ

‘ಅವನಿಗೆ ಎಲ್ಲಾ ಗೊತ್ತು ಮೇಡಂ. ಬೇಕಂತಲೇ ಮಾಡ್ತಾನೆ.’

ಎಡಿಎಚ್‌ಡಿ (ಗಮನ ಹಿಡಿದಿಡಲು, ಸುಮ್ಮನೆ ಕೂರಲು, ತಡೆದುಕೊಳ್ಳಲು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರುವ ಮಕ್ಕಳ ಅಪ್ಪ ಅಮ್ಮಂದಿರಿಂದ ನಾನು ಪದೇ ಪದೇ ಕೇಳುವ ಮಾತಿದು. ಶಿಕ್ಷಕರೂ ಇದನ್ನೇ ಹೇಳುತ್ತಾರೆ. ಈ ಮಾತನ್ನು ನಂಬಿ ಮಕ್ಕಳಿಗೆ ಕೊಡುವ ಶಿಕ್ಷೆ ನೋಡಿದಾಗ ಸಂಕಟವಾಗುತ್ತದೆ. ಅದಕ್ಕೇ ಈ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ 9 ವರ್ಷ. ಮಕ್ಕಳ ಮನೋವೈದ್ಯರು ಎಡಿಎಚ್‌ಡಿ ಎಂದು ಗುರುತಿಸಿ ನನ್ನ ಬಳಿಗೆ ಕಳಿಸಿದ್ದರು. ಕಣ್ಣು, ಕಿವಿ, ನಿದ್ದೆ, ಓದು ಬರಹದ ತೊಡಕು ಎಲ್ಲವನ್ನೂ ನೋಡಿಯೇ ಹಾಗೆ ಹೇಳಿದ್ದರು. ಸುಮ್ನೆ ತುಂಟತನ ಕಂಡ ಮಾತ್ರಕ್ಕೆ ಎಡಿಎಚ್‌ಡಿ ಅನ್ನುವಂತಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಕಡೇಪಕ್ಷ 6 ತಿಂಗಳಿಂದ ಇರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಆದರೆ ಅಪ್ಪನಿಗೆ ಇದೆಲ್ಲ ನೆಪ ಅನ್ನಿಸಿತ್ತು. ಮನೆಯಲ್ಲಿ ಹೋಂವರ್ಕ್ ಮುಗಿಯುವ ತನಕ ಹುಡುಗ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಶಾಲೆಯಲ್ಲಿ ಬರೆದು ಮುಗಿಸದಿದ್ದರೆ ಆಟದ ಪೀರಿಯಡ್ ಇಲ್ಲ. ಹುಡುಗ ದಿನೇ ದಿನೇ ಸಿಡುಕನಾಗುತ್ತಿದ್ದ.

ಒಂದು ಸಲ ಅಪ್ಪ, ಅಮ್ಮ, ಮಗ ಮೂವರೂ ಬಂದಿದ್ದರು. ಆ ವಾರ ಸಾಲಿನಲ್ಲಿ ನಿಂತಿದ್ದಾಗ ಹುಡುಗ ಮುಂದಿದ್ದವನನ್ನು ತಳ್ಳಿದ್ದ. ಬಿದ್ದವನ ಮೊಣಕಾಲು ತರಚಿತ್ತು. ಅಪ್ಪ ಬಂದದ್ದೇ ಸಿಟ್ಟಿನಲ್ಲಿ.

‘ಸಾಲಲ್ಲಿ ಹೇಗೆ ನಿಲ್ಲಬೇಕು? ಹೇಳು ಮೇಡಂಗೆ.’

ಹುಡುಗ ತಡವರಿಸಲಿಲ್ಲ. ‘ಕೈ ಕಟ್ಟಿ ನಿಲ್ಲಬೇಕು. ಯಾರನ್ನೂ ತಳ್ಳಬಾರದು. ಮುಂದಿನವರು ಹೋಗೋ ತನಕ ಕಾಯಬೇಕು.’

‘ತಳ್ಳಿದ್ರೆ?’

‘ಬೀಳ್ತಾರೆ. ಗಾಯ ಆಗುತ್ತೆ.’

ಅಪ್ಪ ನನ್ನ ಕಡೆ ತಿರುಗಿದರು. ‘ನೋಡಿದ್ರಾ? ಒಂದಕ್ಷರ ತಪ್ಪಿಲ್ಲ. ಗೊತ್ತಿದ್ದೂ ಮಾಡ್ತಾನಲ್ಲ, ಇದನ್ನ ತೊಂದರೆ ಅಂತೀರಾ?’

ನಾನು ಹುಡುಗನನ್ನೇ ಕೇಳಿದೆ. ‘ಈಗ ಹೇಳಿದೆಯಲ್ಲ ಪುಟ್ಟ, ಅದು ನಿನಗೆ ಅವತ್ತು ಯಾವಾಗ ನೆನಪಾಯ್ತು?’

‘ಅವನು ಬಿದ್ನಲ್ಲ, ಆವಾಗ.’ ಆಮೇಲೆ ಅಂದ, ‘ನಂಗೆ ಯಾವಾಗ್ಲೂ ಮಾಡಿದ ಮೇಲೇ ನೆನಪಾಗುತ್ತೆ.’

ಎಡಿಎಚ್‌ಡಿ ಬಗ್ಗೆ ನಾನು ಪೋಷಕರಿಗೆ ಕೊಡುವ ಉದ್ದನೆಯ ವಿವರಣೆಗಿಂತ ಈ ಒಂದು ಮಾತು ಮೇಲು. ಈ ಮಕ್ಕಳಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ಗೊತ್ತಿರುವುದು ಬೇಕಾದ ಹೊತ್ತಿಗೆ ಒದಗುವುದಿಲ್ಲ. ಆಸೆ ಬಂದ ಕೂಡಲೇ ಕೈಯನ್ನು ತಡೆಯುವ, ಮಾಡಬೇಕಾದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಅವರಲ್ಲಿ ನಿಧಾನವಾಗಿ ಬೆಳೆಯುತ್ತದೆ. 2007ರಲ್ಲಿ ಪ್ರಕಟವಾದ ಒಂದು ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಇಂಥ ಮಕ್ಕಳ ಮೆದುಳಿನ ಹೊರಪದರ ಬಲಿಯುವುದು ಸರಾಸರಿ ಮೂರು ವರ್ಷ ತಡವಾಗಿತ್ತು. ಮುಂಭಾಗದಲ್ಲಿ ಆ ತಡ ಇನ್ನೂ ಜಾಸ್ತಿ. ತಡೆದು ಯೋಚಿಸುವ ಕೆಲಸಕ್ಕೆ ಬಹಳ ಮುಖ್ಯವಾದ ಭಾಗ ಅದೇ.

‘ಹಾಗಾದ್ರೆ ಇಷ್ಟು ದಿನ ಹೇಳಿಕೊಟ್ಟಿದ್ದೆಲ್ಲ ದಂಡವಾ?’ ಎಂದರು ಅಪ್ಪ.

‘ದಂಡ ಅಲ್ಲ ಸರ್. ನೀವು ಹೇಳೋ ಹೊತ್ತು ಬದಲಾಗಬೇಕು. ಅವನು ಮಾಡಿದ ಮೇಲೆ ಅರ್ಧ ಗಂಟೆ ಹೇಳೋ ಬದಲು, ಮಾಡೋ ಮೊದಲು ಅರ್ಧ ನಿಮಿಷ ಹೇಳಿ.’

ನಾನು ಕೊಟ್ಟ ಸಲಹೆಯೆಲ್ಲ ಇದರ ಮೇಲೇ ನಿಂತಿತ್ತು. ಸಾಲು ಕಟ್ಟುವ ಮುಂಚೆ ಟೀಚರ್ ಅವನ ಹತ್ತಿರ ಹೋಗಿ ಒಂದೇ ಮಾತು ಹೇಳಬೇಕು, ‘ಕೈ ಎಲ್ಲಿರಬೇಕು?’ ಉತ್ತರ ಅವನೇ ಹೇಳಬೇಕು. ಮನೆಯಲ್ಲಿ ಅಡುಗೆಮನೆಯಿಂದ ಕೂಗಿ ಮೂರು ಕೆಲಸ ಹೇಳುವುದು ಬೇಡ. ಹತ್ತಿರ ಹೋಗಿ, ಅವನು ನಿಮ್ಮ ಕಡೆ ನೋಡಿದ ಮೇಲೆ, ಒಂದು ಕೆಲಸ ಹೇಳಿ. ಹೋಂವರ್ಕನ್ನು ತುಂಡು ಮಾಡಿ: ಹತ್ತು ನಿಮಿಷ ಬರೆಯಲಿ, ಎದ್ದು ಓಡಾಡಲಿ, ಮತ್ತೆ ಕೂರಲಿ. ಕಣ್ಣಿಗೆ ಕಾಣುವ ಟೈಮರ್ ಇಡಿ, ಯಾಕೆಂದರೆ ಹೊತ್ತು ಎಷ್ಟಾಯಿತು ಅನ್ನುವ ಅಂದಾಜು ಈ ಮಕ್ಕಳಿಗೆ ಸುಲಭಕ್ಕೆ ಸಿಗುವುದಿಲ್ಲ.

ಶಾಲೆಗೆ ದಿನಾ ತುಂಬುವ ಒಂದು ಕಾರ್ಡ್ ಮಾಡಿಕೊಟ್ಟೆವು. ಅದರಲ್ಲಿ ಎರಡೇ ಸಾಲು: ಕೈ ತನ್ನ ಹತ್ತಿರ ಇಟ್ಟುಕೊಂಡ, ಕೊಟ್ಟಷ್ಟು ಬರೆದ. ಟೀಚರ್ ಪ್ರತಿ ಪೀರಿಯಡ್‌ಗೆ ಗುರುತು ಹಾಕುತ್ತಾರೆ. ಸಂಜೆ ಮನೆಯಲ್ಲಿ ಅದಕ್ಕೆ ತಕ್ಕ ಚಿಕ್ಕ ಬಹುಮಾನ, ಅವತ್ತೇ. ಅಪ್ಪ ಇದನ್ನು ಲಂಚ ಅಂದರು. ನಾನು ಒಪ್ಪುವುದಿಲ್ಲ. ದೂರದ ಫಲಕ್ಕಾಗಿ ಕಾಯುವುದೇ ಈ ಮಕ್ಕಳಿಗೆ ಕಷ್ಟ. ವರ್ಷದ ಕೊನೆಗೆ ಸೈಕಲ್ ಕೊಡಿಸುತ್ತೇನೆ ಅನ್ನುವ ಮಾತು ಇವತ್ತಿನ ಸಾಲಿನಲ್ಲಿ ಅವನ ಕೈ ಹಿಡಿಯುವುದಿಲ್ಲ. ‘ಮೊಬೈಲ್ ಗೇಮ್ ಆದ್ರೆ ಎರಡು ಗಂಟೆ ಕೂರ್ತಾನಲ್ಲ’ ಅನ್ನುವವರಿಗೂ ಇದೇ ಉತ್ತರ. ಗೇಮ್ ಕ್ಷಣಕ್ಷಣಕ್ಕೂ ಏನಾದರೊಂದು ಕೊಡುತ್ತಲೇ ಇರುತ್ತದೆ, ನೋಟ್‌ಬುಕ್ ಕೊಡುವುದಿಲ್ಲ, ಅಲ್ವಾ?

ಆಟದ ಪೀರಿಯಡ್ ಕಸಿಯಬೇಡಿ ಎಂದು ಟೀಚರನ್ನು ಕೇಳಿಕೊಂಡಿದ್ದಕ್ಕೆ, ನಾನು ಶಿಸ್ತಿಗೆ ಅಡ್ಡ ಬರುತ್ತೇನೆ ಅನ್ನುವ ಮಾತು ಬಂತು. ಈ ವಿಚಾರದಲ್ಲಿ ನಾನು ಹಿಂದೆ ಸರಿಯುವವಳಲ್ಲ. ಮೈ ದಣಿಯುವಂತೆ ಓಡಾಡಿದ ಮೇಲೆ ಈ ಮಕ್ಕಳ ಗಮನ ಸ್ವಲ್ಪ ಹೊತ್ತಾದರೂ ಸುಧಾರಿಸುತ್ತದೆ. ಕೂರಲಾಗದ ಮಗುವಿಗೆ ಇನ್ನಷ್ಟು ಹೊತ್ತು ಕೂರುವ ಶಿಕ್ಷೆ ಕೊಟ್ಟು, ಅವನು ಕೂರಲಿಲ್ಲ ಎಂದು ಮತ್ತೆ ಬೈಯುವುದು ಅನ್ಯಾಯ.

ಮಾತ್ರೆಯ ಬಗ್ಗೆ ನಾನು ಬೇಕು, ಬೇಡ ಅನ್ನುವುದಿಲ್ಲ. ಅದು ವೈದ್ಯರೂ ಪೋಷಕರೂ ಕೂತು ತೀರ್ಮಾನಿಸುವ ವಿಷಯ. ಮೀಥೈಲ್‌ಫೆನಿಡೇಟ್ ಥರದ ಔಷಧಿಯಿಂದ ಬಹಳ ಮಕ್ಕಳಿಗೆ ಅನುಕೂಲವಾಗುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು. ತೂಕ, ರಕ್ತದೊತ್ತಡ ನೋಡುತ್ತಿರಬೇಕು. ಹೆದರಿ ತಾವಾಗಿಯೇ ನಿಲ್ಲಿಸಬಾರದು ಎಂದಷ್ಟೇ ನಾನು ಹೇಳುವುದು.

ಕೊನೆಗೊಮ್ಮೆ ಅಪ್ಪ ಹೇಳಿದರು, ‘ನಾನೂ ಹೀಗೇ ಇದ್ದೆ. ನಾಲ್ಕು ಬಿದ್ದ ಮೇಲೆ ಸರಿಹೋದೆ.’ ಅವರು ಹೀಗೇ ಇದ್ದದ್ದು ನಿಜವಿರಬಹುದು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ಶೇಕಡಾ 70ರಿಂದ 80. ಏಟಿನಿಂದ ಸರಿಹೋದಿರೋ, ವಯಸ್ಸಾದಂತೆ ಸರಿಹೋದಿರೋ ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಆದರೆ ಆಮೇಲೆ ಸಂಜೆಯ ಕಾರ್ಡ್ ನೋಡುವ ಕೆಲಸವನ್ನು ಅಮ್ಮನಿಂದ ತಾವೇ ವಹಿಸಿಕೊಂಡರು.

ಹುಡುಗ ಈಗಲೂ ಕೆಲವು ದಿನ ತಳ್ಳುತ್ತಾನೆ. ಮೊದಲಿಗಿಂತ ಕಡಿಮೆ. ಬಹುಮಾನ ಹಳತಾದರೆ ಅವನಿಗೆ ರುಚಿಸುವುದಿಲ್ಲ, ಆಗಾಗ ಬದಲಿಸುತ್ತಿದ್ದಾರೆ. ಮುಂದಿನ ತರಗತಿಗೆ ಹೊಸ ಟೀಚರ್ ಬರುತ್ತಾರೆ. ಮೊದಲ ದೂರು ಬರುವ ತನಕ ಕಾಯದೆ, ಮೊದಲ ವಾರವೇ ಕಾರ್ಡ್ ಹಿಡಿದು ಹೋಗಿ ಮಾತಾಡಿ ಎಂದು ಇಬ್ಬರಿಗೂ ಹೇಳಿದ್ದೇನೆ.