ಲ್ಯುಕೇಮಿಯಾ ಸಂಶೋಧನೆಯನ್ನೇ ವೃತ್ತಿಯಾಗಿ ಆರಿಸಿಕೊಂಡರೆ ಅದರ ಫಲ ರೋಗಿಯನ್ನು ತಲುಪುವುದನ್ನು ನಾನೇ ಕಾಣಬಹುದೇ?

ವೈದ್ಯಕೀಯ ಪದವಿಯ ಕೊನೆಯ ಹಂತದಲ್ಲಿರುವ ನೀವು, ರಕ್ತದ ಕ್ಯಾನ್ಸರ್‌ಗಳ ಸಂಶೋಧನೆಯತ್ತ ಮನಸ್ಸು ಹರಿಯುತ್ತಿದ್ದರೂ ಎರಡು ಅನುಮಾನಗಳು ಹಿಂದಕ್ಕೆ ಜಗ್ಗುತ್ತಿವೆ ಎಂದು ಬರೆದಿದ್ದೀರಿ. ಪ್ರಯೋಗಾಲಯದ ಕೆಲಸ ನಮ್ಮ ಕಾಲದಲ್ಲೇ ರೋಗಿಯವರೆಗೆ ತಲುಪುವುದೇ ಎಂಬುದು ಒಂದು. ಈ ದಾರಿ ಹಿಡಿದರೆ ರೋಗಿಗಳನ್ನು ನೋಡುವುದನ್ನು ಬಿಟ್ಟುಬಿಡಬೇಕೇ ಎಂಬುದು ಇನ್ನೊಂದು. ನಾನು ರಕ್ತರೋಗಗಳ ವೈದ್ಯನಾಗಿ ತರಬೇತಿ ಪಡೆದು, ವೃತ್ತಿಜೀವನದ ಬಹುಪಾಲನ್ನು, ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಆದ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಏಕೆ ಮರುಕಳಿಸುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ಕಳೆದವನು. ನನ್ನ ಉತ್ತರವೂ ಆ ಕಡೆಗೇ ವಾಲುತ್ತದೆ.

ಮೊದಲನೆಯದಕ್ಕೆ ನೇರವಾಗಿ ಹೇಳುವುದಾದರೆ, ತಲುಪುತ್ತದೆ. ಆದರೆ ಎಷ್ಟು ಬೇಗ ತಲುಪುತ್ತದೆ ಎಂಬುದು ಸಂಶೋಧಕರ ಜಾಣ್ಮೆಗಿಂತ ಹೆಚ್ಚಾಗಿ ಅವರು ಎತ್ತಿಕೊಂಡ ಪ್ರಶ್ನೆಯನ್ನೂ, ಅಕ್ಕಪಕ್ಕದ ಶಾಸ್ತ್ರಗಳು ಅಷ್ಟರಲ್ಲಿ ಎಷ್ಟು ಬೆಳೆದಿವೆ ಎಂಬುದನ್ನೂ ಅವಲಂಬಿಸಿದೆ. ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಆದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದ ಚರಿತ್ರೆಯನ್ನು ಸಾಮಾನ್ಯವಾಗಿ ಗೆಲುವಿನ ಕಥೆಯಾಗಿ ಹೇಳುತ್ತಾರೆ, ಆದರೆ ವೃತ್ತಿ ಆರಿಸಿಕೊಳ್ಳುತ್ತಿರುವವರು ಅದರಲ್ಲಿನ ಇಸವಿಗಳನ್ನು ಗಮನಿಸಬೇಕು. ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಕೋಶಗಳಲ್ಲಿ ಸಹಜಕ್ಕಿಂತ ಗಿಡ್ಡವಾದ ಒಂದು ಕ್ರೋಮೋಸೋಮನ್ನು ಗುರುತಿಸಿದ್ದು 1960ರಲ್ಲಿ. ಅವರ ಊರಿನ ಹೆಸರಿನಿಂದಲೇ ಅದು ಫಿಲಡೆಲ್ಫಿಯಾ ಕ್ರೋಮೋಸೋಮ್ ಆಯಿತು. ಕಾಣೆಯಾದ ಭಾಗ ನಾಶವಾಗಿಲ್ಲ, 9 ಮತ್ತು 22ನೇ ಕ್ರೋಮೋಸೋಮ್‌ಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು ಷಿಕಾಗೋದ ಜಾನೆಟ್ ರೌಲಿ ತೋರಿಸುವ ಹೊತ್ತಿಗೆ 1973 ಬಂದಿತ್ತು. ಆ ಅದಲುಬದಲಿನಿಂದ ಬಿಸಿಆರ್-ಎಬಿಎಲ್ ಎಂಬ ಬೆಸೆದ ಜೀನ್ ಹುಟ್ಟುತ್ತದೆ ಎಂಬುದೂ, ಅದರ ಪ್ರೋಟೀನು ಎಡೆಬಿಡದೆ ಚುರುಕಾಗಿರುವ ಟೈರೊಸಿನ್ ಕೈನೇಸ್ (ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಕಿಣ್ವ) ಎಂಬುದೂ 1980ರ ದಶಕದಲ್ಲಿ ಸ್ಪಷ್ಟವಾದವು. ಆ ಜೀನ್ ಇಲಿಗಳಲ್ಲಿ ರೋಗವನ್ನು ಉಂಟುಮಾಡಬಲ್ಲದು ಎಂಬುದಕ್ಕೆ ಪುರಾವೆ ಸಿಕ್ಕಿದ್ದು 1990ರಲ್ಲಿ. ಔಷಧ ಕಂಪನಿಯೊಂದರಲ್ಲಿ ನಿಕೊಲಸ್ ಲೈಡನ್ ಅವರ ತಂಡ ರೂಪಿಸಿದ ಕೈನೇಸ್ ತಡೆಗಳನ್ನು ಬ್ರಯಾನ್ ಡ್ರೂಕರ್ ರೋಗಿಗಳ ಕೋಶಗಳ ಮೇಲೆ ಪರೀಕ್ಷಿಸಿ, ಅವುಗಳಲ್ಲಿ ಒಂದನ್ನು ಹಿಡಿದು ಬಿಡದೆ ಮುಂದಕ್ಕೆ ಒಯ್ದರು. ಇಮ್ಯಾಟಿನಿಬ್ ಎಂಬ ಆ ಔಷಧದ ಮೊದಲ ಟ್ರಯಲ್ 1998ರಲ್ಲಿ ಶುರುವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತದ ಎಣಿಕೆ ಸಹಜ ಸ್ಥಿತಿಗೆ ಬಂದಿತು, ಮತ್ತು 2001ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ದೊರೆಯಿತು.

ಮೊದಲ ಕಾಣ್ಕೆಯಿಂದ ಮಾತ್ರೆಯವರೆಗೆ 41 ವರ್ಷಗಳು. 1960ರಲ್ಲಿ ತರುಣರಾಗಿದ್ದ ನೋವೆಲ್ ಅದನ್ನು ಕಣ್ಣಾರೆ ಕಂಡರು, ಹಂಗರ್‌ಫೋರ್ಡ್ 1993ರಲ್ಲೇ ತೀರಿಕೊಂಡಿದ್ದರು. ಇದನ್ನು ನಿರಾಶೆ ಹುಟ್ಟಿಸಲೆಂದು ಬರೆಯುತ್ತಿಲ್ಲ. ನಡುವೆ ದುಡಿದವರಲ್ಲಿ ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಅವಧಿಯೊಳಗೆ ಮುಗಿಯಬಲ್ಲ, ಮುಗಿದಾಗ ಮುಂದಿನವರಿಗೆ ಬಳಕೆಯಾಗಬಲ್ಲ ಒಂದು ಪ್ರಶ್ನೆ ಇತ್ತು ಎಂಬುದನ್ನು ನೋಡಿ. ನೀವು ಹುಡುಕಬೇಕಾದದ್ದು ಅಂಥ ಪ್ರಶ್ನೆಯನ್ನು.

ದಾರಿ ಯಾವಾಗಲೂ ಇಷ್ಟು ಉದ್ದವಾಗಿರಬೇಕೆಂದೇನೂ ಇಲ್ಲ. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಒಂದು ಕಾಲದಲ್ಲಿ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಕೊಲ್ಲುತ್ತಿದ್ದ ರೋಗ. ಶಾಂಘೈನ ವಾಂಗ್ ಝೆನ್‌ಯೀ, ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬದಲು ಅದನ್ನು ಪಕ್ವವಾಗುವಂತೆ ಮಾಡಬಹುದೇ ಎಂಬ ಪ್ರಶ್ನೆಯನ್ನು ಹಿಡಿದು, ಎ ಜೀವಸತ್ವದ ಸಂಬಂಧಿಯಾದ ಆಲ್-ಟ್ರಾನ್ಸ್ ರೆಟಿನೊಯಿಕ್ ಆಮ್ಲವನ್ನು 1985ರಲ್ಲಿ ಒಂದು ಪುಟ್ಟ ಹುಡುಗಿಗೆ ಕೊಟ್ಟರು, ಆಕೆ ಗುಣಮುಖಳಾದಳು. 24 ರೋಗಿಗಳ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಈ ರೋಗದ ಮೂಲದಲ್ಲಿರುವ ಬೆಸೆದ ಜೀನು ಯಾವುದೆಂದು ತಿಳಿದದ್ದು ಅದಾದ ಮೇಲೆ. ಇಲ್ಲಿ ಚಿಕಿತ್ಸೆ ಮುಂದೆ ನಡೆಯಿತು, ವಿವರಣೆ ಹಿಂದಿನಿಂದ ಬಂದಿತು. ಮುಂದೆ ಇದೇ ಔಷಧದ ಜೊತೆಗೆ ಆರ್ಸೆನಿಕ್ ಸೇರಿ, ಈಗ ಲ್ಯುಕೇಮಿಯಾಗಳಲ್ಲೇ ಅತಿ ಹೆಚ್ಚು ವಾಸಿಯಾಗುವ ಬಗೆಗಳಲ್ಲಿ ಇದೂ ಒಂದಾಗಿದೆ.

ರಕ್ತದ ಕ್ಯಾನ್ಸರ್‌ಗಳ ಕ್ಷೇತ್ರ ಇಷ್ಟು ಮುಂದುವರಿಯಲು ಒಂದು ಸರಳ ಕಾರಣವಿದೆ: ರೋಗದ ಕೋಶಗಳನ್ನು ಸೂಜಿಯ ಮೂಲಕ ಮತ್ತೆ ಮತ್ತೆ ಪಡೆಯಬಹುದು. ಮೆದುಳಿನ ಅಥವಾ ಮೇದೋಜೀರಕ ಗ್ರಂಥಿಯ ಗಡ್ಡೆಯನ್ನು ಅಧ್ಯಯನ ಮಾಡುವವರಿಗೆ ಅನೇಕ ವೇಳೆ ಸಿಗುವುದು ಒಂದೇ ತುಣುಕು. ನಮಗೋ ರೋಗ ಪತ್ತೆಯಾದ ದಿನ, ಚಿಕಿತ್ಸೆಯ ನಡುವೆ, ರೆಮಿಷನ್‌ನಲ್ಲಿ (ರೋಗದ ಲಕ್ಷಣ ಕಾಣದಿರುವ ಹಂತದಲ್ಲಿ), ರೋಗ ಮರಳಿದಾಗ, ಹೀಗೆ ಒಬ್ಬರೇ ವ್ಯಕ್ತಿಯ ಕೋಶಗಳನ್ನು ಕಾಲದ ಉದ್ದಕ್ಕೂ ನೋಡಲು ಸಾಧ್ಯ. 1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್, ಜೀವರಸಾಯನಶಾಸ್ತ್ರಜ್ಞ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿಕೊಟ್ಟ ಅಮೈನೊಪ್ಟೆರಿನ್ ಎಂಬ ಔಷಧದಿಂದ ಲ್ಯುಕೇಮಿಯಾ ಇದ್ದ 16 ಮಕ್ಕಳಲ್ಲಿ 10 ಮಂದಿಗೆ ತಾತ್ಕಾಲಿಕವಾದರೂ ಸುಧಾರಣೆಯಾಯಿತೆಂದು ವರದಿ ಮಾಡಲು ಸಾಧ್ಯವಾದದ್ದೂ ರಕ್ತ ತಯಾರಾಗುವ ಮೂಳೆಯ ಮಜ್ಜೆಯಲ್ಲಿ ಆಗುತ್ತಿದ್ದ ಬದಲಾವಣೆಯನ್ನು ನೇರವಾಗಿ ನೋಡಲು ಬರುತ್ತಿದ್ದುದರಿಂದಲೇ.

ನನ್ನ ಕ್ಷೇತ್ರದ ಕಷ್ಟವೂ ಆಕರ್ಷಣೆಯೂ ಇಲ್ಲಿಂದಲೇ ಆರಂಭವಾಗುತ್ತವೆ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾಕ್ಕೆ ಏಳು ದಿನ ಸೈಟರಬಿನ್, ಮೂರು ದಿನ ಡೌನೊರೂಬಿಸಿನ್ ಕೊಡುವ ಕಿಮೊಥೆರಪಿ ಕ್ರಮ 1973ರಲ್ಲಿ ವರದಿಯಾದದ್ದು. ಗಟ್ಟಿಮುಟ್ಟಾಗಿರುವ ರೋಗಿಗಳಿಗೆ ಚಿಕಿತ್ಸೆಯ ಬೆನ್ನೆಲುಬು ಬಹುಮಟ್ಟಿಗೆ ಇವತ್ತಿಗೂ ಅದೇ. ಇದರಿಂದ ಅನೇಕರಿಗೆ ರೆಮಿಷನ್ ದೊರೆಯುತ್ತದೆ. ಆದರೆ ರೆಮಿಷನ್ ಎಂದರೆ ಸೂಕ್ಷ್ಮದರ್ಶಕದಲ್ಲಿ ಮಜ್ಜೆಯ ಬ್ಲಾಸ್ಟ್ ಎಂಬ ಅಪಕ್ವ ಕೋಶಗಳು ಶೇ. 5ಕ್ಕಿಂತ ಕಡಿಮೆ ಎಂದಷ್ಟೇ. ರೋಗ ಪತ್ತೆಯಾದಾಗ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಗ್ರಸ್ತ ಕೋಶಗಳಿದ್ದರೆ, ಎಲ್ಲವೂ ಸರಿಯಾಗಿದೆ ಎಂದು ಕಾಣುವ ಹೊತ್ತಿನಲ್ಲೂ ನೂರಾರು ಕೋಟಿ ಕೋಶಗಳು ಉಳಿದಿರಬಹುದು. ಅವುಗಳನ್ನು ಪಿಸಿಆರ್ (ಜೀನಿನ ಕುರುಹನ್ನು ಹಿಗ್ಗಿಸಿ ಪತ್ತೆ ಮಾಡುವ ಪರೀಕ್ಷೆ) ಮತ್ತು ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಗುರುತಿಸುವ ವಿಧಾನ) ಇವುಗಳಿಂದ ಹುಡುಕುವುದು, ಅವು ಬದುಕುಳಿದದ್ದು ಹೇಗೆಂದು ಕೇಳುವುದು ನನ್ನ ಕೆಲಸ.

ಈ ಕೆಲಸದಲ್ಲಿ ಒಂದೊಂದು ಜೀನೂ ಒಂದೊಂದು ರೀತಿ ವರ್ತಿಸುತ್ತದೆ. ಎನ್‌ಪಿಎಂ1 ಜೀನಿನ ಮ್ಯುಟೇಶನ್ (ಜೀನಿನಲ್ಲಾದ ಬದಲಾವಣೆ) ರೋಗದ ಜೊತೆಗೇ ಇರುತ್ತದೆ, ಆದ್ದರಿಂದ ಚಿಕಿತ್ಸೆಯ ನಂತರ ರಕ್ತದಲ್ಲಿ ಅದರ ಕುರುಹು ಉಳಿದಿದ್ದರೆ ರೋಗ ಮರಳುವ ಅಪಾಯ ಬಹಳ. ಡಿಎನ್‌ಎಂಟಿ3ಎ ಜೀನಿನದು ಹಾಗಲ್ಲ, ರೋಗಿ ಸಂಪೂರ್ಣ ಆರೋಗ್ಯವಾಗಿದ್ದಾಗಲೂ ಅದು ಉಳಿದಿರಬಹುದು, ಏಕೆಂದರೆ ಅದು ಅನೇಕ ವೇಳೆ ಲ್ಯುಕೇಮಿಯಾಕ್ಕೂ ಬಹಳ ಮೊದಲೇ ಒಂದು ರಕ್ತಕಾಂಡಕೋಶದಲ್ಲಿ (ರಕ್ತದ ಕೋಶಗಳನ್ನು ಹುಟ್ಟಿಸುವ ಮೂಲಕೋಶದಲ್ಲಿ) ಹುಟ್ಟಿರುತ್ತದೆ. ಎಫ್‌ಎಲ್‌ಟಿ3 ಮ್ಯುಟೇಶನ್ನಂತೂ ಮೊದಲು ಇದ್ದು ರೋಗ ಮರಳಿದಾಗ ಕಾಣದೆ ಹೋಗಬಹುದು, ಇಲ್ಲದಿದ್ದದ್ದು ಹೊಸದಾಗಿ ಕಾಣಿಸಿಕೊಳ್ಳಲೂಬಹುದು. ಹೀಗಾಗಿ ಒಂದು ದಿನದ ಒಂದು ಪರೀಕ್ಷೆಯನ್ನು ನೋಡಿ ರೋಗದ ಸ್ವಭಾವವನ್ನು ಹೇಳಲಾಗದು. 2012ರಲ್ಲಿ ಎಂಟು ರೋಗಿಗಳ ಮೊದಲ ಮತ್ತು ಮರುಕಳಿಸಿದ ಮಾದರಿಗಳ ಇಡೀ ಜೀನೋಮನ್ನು ಹೋಲಿಸಿದ ಒಂದು ಅಧ್ಯಯನ, ಕೆಲವರಲ್ಲಿ ರೋಗದ ಕೋಶಗಳ ಮೂಲ ತಳಿಯೇ ಹೊಸ ಮ್ಯುಟೇಶನ್‌ಗಳನ್ನು ಗಳಿಸಿ ಮರಳುತ್ತದೆ, ಇನ್ನು ಕೆಲವರಲ್ಲಿ ಮೊದಲು ಅಲ್ಪಸಂಖ್ಯೆಯಲ್ಲಿದ್ದ ಉಪತಳಿ ಚಿಕಿತ್ಸೆಯನ್ನು ದಾಟಿ ಬೆಳೆಯುತ್ತದೆ ಎಂದು ತೋರಿಸಿತು. ಆ ಅಧ್ಯಯನ ಸಾಧ್ಯವಾದದ್ದು ಯಾರೋ ಮೊದಲ ದಿನದ ಮಜ್ಜೆಯನ್ನು ಸರಿಯಾಗಿ ಶೇಖರಿಸಿ, ಸರಿಯಾಗಿ ಹೆಸರಿಸಿ ಇಟ್ಟಿದ್ದರಿಂದ. ನನ್ನ ಮಟ್ಟಿಗೆ ಈ ವೃತ್ತಿಯ ಅತ್ಯಂತ ಬೆಲೆಬಾಳುವ ಆಸ್ತಿ ಯಂತ್ರಗಳಲ್ಲ, ದ್ರವ ಸಾರಜನಕದಲ್ಲಿರುವ ಜೋಡಿ ಮಾದರಿಗಳು ಮತ್ತು ಅವುಗಳ ಪಕ್ಕದಲ್ಲಿರುವ ಪ್ರಾಮಾಣಿಕ ದಾಖಲೆ.

ಆದ್ದರಿಂದ ದಿನನಿತ್ಯದ ಕೆಲಸ ಹೊರಗಿನವರು ಊಹಿಸುವುದಕ್ಕಿಂತ ಬೇರೆಯಾಗಿರುತ್ತದೆ. ಒಪ್ಪಿಗೆ ಪತ್ರವನ್ನು ರೋಗಿಗೆ ಅರ್ಥವಾಗುವಂತೆ ವಿವರಿಸುವುದು, ಮಜ್ಜೆಯಿಂದ ತೆಗೆದದ್ದನ್ನು ಕೋಶಗಳು ಸಾಯುವ ಮುನ್ನ ಪ್ರಯೋಗಾಲಯಕ್ಕೆ ಮುಟ್ಟಿಸುವುದು, ಯಾವ ಮಾದರಿ ಚಿಕಿತ್ಸೆಯ ಎಷ್ಟನೇ ದಿನದ್ದೆಂದು ಬರೆದಿಡುವುದು, ನೈತಿಕ ಸಮಿತಿಗೆ ವಿವರ ಒಪ್ಪಿಸುವುದು, ಅನುದಾನಕ್ಕೆ ಅರ್ಜಿ ಬರೆಯುವುದು ಇವೆಲ್ಲ ಪ್ರಯೋಗದಷ್ಟೇ ಸಮಯವನ್ನು ಬೇಡುತ್ತವೆ. ಅನುದಾನ ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳದ್ದು, ಮರುಕಳಿಕೆಯ ಪ್ರಶ್ನೆಗೆ ಉತ್ತರ ಸಿಗಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಈ ಎರಡರ ನಡುವಿನ ಎಳೆದಾಟ ಕೊನೆಯವರೆಗೂ ತಪ್ಪುವುದಿಲ್ಲ. ದಶಕಗಳಿಂದ ತಟ್ಟೆಗಳಲ್ಲಿ ಬೆಳೆಸುತ್ತಿರುವ ಕೆ562ರಂಥ ಕೋಶಸಾಲುಗಳು ಕಲಿಯಲು ಅನುಕೂಲ, ಆದರೆ ಅವುಗಳಲ್ಲಿ ಕೆಲಸ ಮಾಡಿದ ಔಷಧ ರೋಗಿಯಿಂದ ತೆಗೆದ ತಾಜಾ ಕೋಶಗಳಲ್ಲಿ ವಿಫಲವಾಗುವುದು ಸಾಮಾನ್ಯ. ಆ ವಿಫಲತೆಯನ್ನೂ ಪ್ರಕಟಿಸುವ ಗುಂಪಿನಲ್ಲಿ ಕೆಲಸ ಕಲಿಯಿರಿ. ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಅದರ ಹಿಂದೆ ಹೋಗುವವರ ಪ್ರಬಂಧಗಳು ಬೇಗ ಬರುತ್ತವೆ, ನಿಜ. ಆದರೂ ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿತು, ರಕ್ತದ ಸ್ಲೈಡನ್ನು ಸ್ವಂತ ಕಣ್ಣಿನಿಂದ ಓದಬಲ್ಲವರು ಹೆಚ್ಚು ಕಾಲ ಉಪಯೋಗಕ್ಕೆ ಬರುವುದನ್ನು ನಾನು ಕಂಡಿದ್ದೇನೆ.

ಇನ್ನು ರೋಗಿಗಳನ್ನು ನೋಡುವ ವಿಷಯ. ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ, ವಾರಕ್ಕೆ ಒಂದು ದಿನದ ಹೊರರೋಗಿ ವಿಭಾಗವಾದರೂ ಇರಲಿ. ಒಳ್ಳೆಯ ಪ್ರಶ್ನೆಗಳು ಅಲ್ಲಿಂದ ಬರುತ್ತವೆ. ಇಮ್ಯಾಟಿನಿಬ್‌ನಿಂದ ಚೇತರಿಸಿಕೊಂಡಿದ್ದ ಕೆಲವರಲ್ಲಿ ರೋಗ ಮತ್ತೆ ಉಲ್ಬಣಿಸಿದಾಗ, ಏಕೆ ಎಂದು ಕೇಳಿ ಅದೇ ರೋಗಿಗಳ ಕೋಶಗಳನ್ನು ಪರೀಕ್ಷಿಸಿದ ಚಾರ್ಲ್ಸ್ ಸಾಯರ್ಸ್ ಅವರ ತಂಡ, ಎಬಿಎಲ್ ಪ್ರೋಟೀನಿನ 315ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿ ಔಷಧ ಕೂರುವ ಜಾಗ ಮುಚ್ಚಿಹೋಗುತ್ತದೆ ಎಂದು 2001ರಲ್ಲೇ ತೋರಿಸಿತು. ಆ ಮ್ಯುಟೇಶನ್ನಿನ ಮೇಲೂ ಕೆಲಸ ಮಾಡುವ ಪೊನಾಟಿನಿಬ್ 2012ರಲ್ಲಿ ಬಂದಿತು. ಹನ್ನೊಂದು ವರ್ಷ: ಇದು ಒಬ್ಬರ ವೃತ್ತಿಜೀವನದೊಳಗೆ ಧಾರಾಳವಾಗಿ ಹಿಡಿಯುತ್ತದೆ. ಹಾಗೆಂದು ದಿನಕ್ಕೆ ಹದಿನಾರು ಗಂಟೆ ದುಡಿದರೆ ಮಾತ್ರ ಈ ಕ್ಷೇತ್ರದಲ್ಲಿ ಉಳಿಯಬಹುದೆಂಬ ಮಾತನ್ನು ನಂಬಬೇಡಿ. ಜಾನೆಟ್ ರೌಲಿ ಮಕ್ಕಳನ್ನು ಬೆಳೆಸುವ ವರ್ಷಗಳಲ್ಲಿ ಅರೆಕಾಲಿಕವಾಗಿ ಕೆಲಸ ಮಾಡಿದವರು, ಕ್ರೋಮೋಸೋಮ್‌ಗಳ ಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಹೋಲಿಸಿದವರು.

ರೋಗಿಗಳ ಜೊತೆಗಿದ್ದರೆ ಸಾವುಗಳನ್ನೂ ನೋಡಬೇಕಾಗುತ್ತದೆ. ಕಿಮೊಥೆರಪಿಯನ್ನು ತಾಳಲಾರದ ಹಿರಿಯರಿಗೆ ವೆನೆಟೊಕ್ಲ್ಯಾಕ್ಸ್ ಮತ್ತು ಅಜಾಸಿಟಿಡಿನ್ ಎಂಬ ಔಷಧಗಳನ್ನು ಜೊತೆಯಾಗಿ ಕೊಟ್ಟಾಗ, ಅಜಾಸಿಟಿಡಿನ್ ಮಾತ್ರ ಪಡೆದವರಿಗೆ ಹೋಲಿಸಿದರೆ, ಬದುಕಿನ ಮಧ್ಯಕ ಅವಧಿ (ಅರ್ಧದಷ್ಟು ರೋಗಿಗಳು ದಾಟುವ ಕಾಲ) 9.6 ತಿಂಗಳಿನಿಂದ 14.7 ತಿಂಗಳಿಗೆ ಏರಿತು ಎಂದು 2020ರಲ್ಲಿ ವರದಿಯಾಯಿತು. ನಮ್ಮ ಕ್ಷೇತ್ರದಲ್ಲಿ ಇದು ದೊಡ್ಡ ಮುನ್ನಡೆ, ಆ ಐದು ತಿಂಗಳನ್ನು ಪಡೆದ ಕುಟುಂಬಗಳಿಗೆ ಅದರ ಬೆಲೆ ಗೊತ್ತು. ಆದರೆ ಸಾಲದು ಎಂಬುದೂ ಅಷ್ಟೇ ನಿಜ. ನನ್ನ ಆರೈಕೆಯಲ್ಲಿದ್ದವರ ಮಾದರಿಗಳನ್ನು ಅವರು ಹೋದ ಮೇಲೆ ಪ್ರಯೋಗಕ್ಕೆ ಎತ್ತಿಕೊಳ್ಳುವಾಗ ಪ್ರತಿ ಸಲವೂ ಅವರ ಮುಖ ನೆನಪಾಗುತ್ತದೆ, ಮತ್ತು ಪ್ರಯೋಗವನ್ನು ಅವಸರದಲ್ಲಿ ಹಾಳುಮಾಡದಂತೆ ಅದು ನನ್ನನ್ನು ತಡೆಯುತ್ತದೆ.

ಇವನ್ನೆಲ್ಲ ಓದಿದ ಮೇಲೂ ನಿಮ್ಮ ಮನಸ್ಸು ಇತ್ತಲೇ ಇದ್ದರೆ, ಸೇರಬೇಕೆಂದಿರುವ ಗುಂಪಿನ ಮುಖ್ಯಸ್ಥರನ್ನು ಭೇಟಿಯಾದಾಗ ಅವರ ಪ್ರಬಂಧಗಳ ಬಗ್ಗೆ ಕೇಳುವ ಮೊದಲು, ರೋಗ ಮರಳಿದ ರೋಗಿಗಳ ಮಾದರಿಗಳು ಅವರಲ್ಲಿ ಎಷ್ಟಿವೆ, ಅವುಗಳ ಜೊತೆಗೆ ಮೊದಲ ದಿನದ ಮಾದರಿಯೂ ಇದೆಯೇ, ಆ ದಾಖಲೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಸಾಧ್ಯವಾದರೆ ಮೊದಲ ಕೆಲವು ತಿಂಗಳು ಆ ದಾಖಲೆಯ ಹೊಣೆಯನ್ನೇ ನಿಮಗೆ ಕೊಡುವಂತೆ ಕೇಳಿಕೊಳ್ಳಿ.